ಹುದ್‌ಹುದ್ ಹಾದುಹೋದ ದಾರಿ

2014ರ ಅಕ್ಟೋಬರ್ 12, ಭಾನುವಾರ. ಮಧ್ಯಾಹ್ನ 12ರಿಂದ 1 ಗಂಟೆಯೊಳಗೆ ಹುದ್‌ಹುದ್ ಚಂಡಮಾರುತದ ಕೇಂದ್ರ ವಿಶಾಖಪಟ್ಟಣದ ಮೇಲೆಯೇ ಹಾದು ನೆಲ ಮುಟ್ಟಿತು. ಆಗ ಗಾಳಿಯ ವೇಗ ಗಂಟೆಗೆ 170ರಿಂದ 180 ಕಿ.ಮೀ. ಇತ್ತು ಎಂಬುದು ಭಾರತೀಯ ಹವಾಮಾನ ಇಲಾಖೆಯ ಲೆಕ್ಕ. ಬಂಗಾಳ ಕೊಲ್ಲಿಯಲ್ಲಿ ವರ್ಷವರ್ಷವೂ ಚಂಡಮಾರುತ ಏಳುತ್ತವೆ. ಅವುಗಳಲ್ಲಿ ಬಹುಪಾಲು ಬಂದು ಬೀಳುವುದು ಭತ್ತದ ಬಯಲು, ತೆಂಗಿನ ತೋಪು, ಮೀನುಗಾರರ ಹಳ್ಳಿಗಳ ಮೇಲೆ. 1977ರ ನವೆಂಬರ್ 19ರಂದು ಕೃಷ್ಣಾ ನದಿಮುಖದ ದಿವಿಸೀಮೆಯನ್ನು ಕಡಲು ನುಂಗಿದಾಗ ಸತ್ತವರು ಹತ್ತು ಸಾವಿರದಷ್ಟು. 1999ರ ಅಕ್ಟೋಬರ್ 29ರ ಒಡಿಶಾ ಸೂಪರ್ ಸೈಕ್ಲೋನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಸತ್ತರು. ಹುದ್‌ಹುದ್ ಎರಗಿದ್ದು ಹಳ್ಳಿಗಾಡಿನ ಮೇಲಲ್ಲ. 2011ರ ಜನಗಣತಿಯಂತೆ 17 ಲಕ್ಷಕ್ಕೂ ಹೆಚ್ಚು ಜನರಿದ್ದ, ದೊಡ್ಡ ಬಂದರು, ಉಕ್ಕಿನ ಕಾರ್ಖಾನೆ, ತೈಲ ಸಂಸ್ಕರಣಾಗಾರ, ನೌಕಾಪಡೆಯ ಪೂರ್ವ ಕಮಾಂಡಿನ ಕೇಂದ್ರ ಕಚೇರಿ ಎಲ್ಲ ಒಂದೆಡೆ ನೆರೆದ ಮಹಾನಗರದ ನಡುನೆತ್ತಿಗೆ ಅದು ಬಂತು. ಸಾವಿನ ಸಂಖ್ಯೆ ಸಾವಿರಗಳಿಂದ ಹತ್ತುಗಳಿಗೆ ಇಳಿದಿತ್ತು. ಆದರೆ ನಗರವನ್ನು ನಗರವಾಗಿ ನಡೆಸುವ ವ್ಯವಸ್ಥೆ ಒಂದೇ ಹಗಲಿನಲ್ಲಿ ಮುರಿದುಬಿದ್ದಿತ್ತು. ಈ ಎರಡು ಸಂಗತಿಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಹುದ್‌ಹುದ್ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಅಂಡಮಾನಿನಿಂದ ಆಂಧ್ರದವರೆಗೆ

ಚಂಡಮಾರುತ ಹುಟ್ಟಲು ಬೇಕಾದ ಮೊದಲ ವಸ್ತು ಬೆಚ್ಚಗಿನ ಕಡಲು. ಮೇಲ್ಪದರದ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಆ ಬಿಸಿ ಒಂದಷ್ಟು ಆಳದವರೆಗೂ ಇಳಿದಿರಬೇಕು. ಅಂಥ ನೀರಿನ ಮೇಲಿಂದ ಎದ್ದ ಆವಿ ಎತ್ತರಕ್ಕೆ ಹೋಗಿ ತಣಿದು ಹನಿಯಾಗುವಾಗ, ಆವಿಯಾಗಲು ಹೀರಿಕೊಂಡಿದ್ದ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಹಗುರಾಗಿ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ತೇವದ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ನುಗ್ಗುವ ಗಾಳಿಯನ್ನು ಭೂಮಿಯ ತಿರುಗಾಟ ಪಕ್ಕಕ್ಕೆ ತಿರುಗಿಸುವುದರಿಂದ ಅದು ನೇರ ಒಳಹೋಗದೆ ಸುತ್ತತೊಡಗುತ್ತದೆ. ಉತ್ತರ ಗೋಳಾರ್ಧದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನದು. ಸಮಭಾಜಕ ವೃತ್ತಕ್ಕೆ ತೀರಾ ಹತ್ತಿರದಲ್ಲಿ ಈ ತಿರುಗಿಸುವ ಬಲ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಐದು ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಏಳುವುದು ತೀರಾ ಅಪರೂಪ. ಇಷ್ಟೆಲ್ಲ ಕೂಡಿಬಂದರೂ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗ, ದಿಕ್ಕುಗಳಲ್ಲಿ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಕಟ್ಟಿಕೊಳ್ಳುತ್ತಿರುವ ಮೋಡದ ಕಂಬ ಓರೆಯಾಗಿ ಹರಿದುಹೋಗುತ್ತದೆ. ಮುಂಗಾರಿನ ನಡುವಿನ ತಿಂಗಳುಗಳಲ್ಲಿ ದೊಡ್ಡ ಚಂಡಮಾರುತ ಕಾಣದಿರಲು ಮುಖ್ಯ ಕಾರಣ ಇದು. ಮುಂಗಾರು ಹಿಮ್ಮೆಟ್ಟಿ ಹಿಂಗಾರು ಕಾಲಿಡುವ ಅಕ್ಟೋಬರ್‌ನಲ್ಲಿ ಈ ಅಡ್ಡಿ ಸರಿಯುತ್ತದೆ, ಕಡಲಿನ ಬಿಸಿ ಮಾತ್ರ ಹಾಗೆಯೇ ಉಳಿದಿರುತ್ತದೆ.

2014ರ ಅಕ್ಟೋಬರ್ 6ರಂದು ಮ್ಯಾನ್ಮಾರಿನ ತೆನಸ್ಸೆರಿಮ್ ಕರಾವಳಿ ಮತ್ತು ಉತ್ತರ ಅಂಡಮಾನ್ ಸಮುದ್ರದ ಮೇಲೆ ಕಡಿಮೆ ಒತ್ತಡದ ಪ್ರದೇಶವೊಂದು ಕಂಡಿತು. ಮರುದಿನ ಬೆಳಿಗ್ಗೆ ಅದು ವಾಯುಭಾರ ಕುಸಿತವಾಯಿತು, 8ರ ಬೆಳಿಗ್ಗೆ ಚಂಡಮಾರುತವಾಗಿ ಹೆಸರು ಪಡೆಯಿತು. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ ಶುರುವಾದದ್ದು 2004ರಲ್ಲಿ. ಸುತ್ತಲಿನ ಎಂಟು ದೇಶಗಳು ಆಗ ಕೊಟ್ಟ ಪಟ್ಟಿಯಲ್ಲಿ ಹುದ್‌ಹುದ್ ಒಮಾನ್ ದೇಶದ ಸಲಹೆ. ನಮ್ಮ ಬಯಲುಗಳಲ್ಲೂ ಕಾಣುವ, ತಲೆಯ ಮೇಲೆ ಜುಟ್ಟು ಬಿಚ್ಚುವ ಚಂದ್ರಮುಕುಟ ಹಕ್ಕಿಯ ಅರಬ್ಬಿ ಹೆಸರು ಅದು. ಹೆಸರು ಬಂದ ದಿನವೇ ಬೆಳಿಗ್ಗೆ 8.30ರಿಂದ 9.30ರ ನಡುವೆ ಚಂಡಮಾರುತ ಅಂಡಮಾನ್ ದ್ವೀಪಗಳನ್ನು ಲಾಂಗ್ ಐಲ್ಯಾಂಡ್ ಹತ್ತಿರ ದಾಟಿತು. ಗಾಳಿ ಇನ್ನೂ ಎಳೆಯದಾಗಿದ್ದರಿಂದ ಅಲ್ಲಿ ಮರಗಳು ಉರುಳಿದ್ದು ಬಿಟ್ಟರೆ ಭಾರಿ ಹಾನಿಯಾಗಲಿಲ್ಲ.

ದ್ವೀಪ ದಾಟಿದ ಮೇಲೆ ಮುಂದಿದ್ದದ್ದು ಬರೀ ನೀರು. ಅಲ್ಲಿಂದ ವಿಶಾಖಪಟ್ಟಣಕ್ಕೆ ನೇರ ದೂರ ಸುಮಾರು 1,200 ಕಿ.ಮೀ. ಅಷ್ಟು ದಾರಿಯನ್ನು ಹುದ್‌ಹುದ್ ನಾಲ್ಕು ದಿನದಲ್ಲಿ ಕ್ರಮಿಸಿತು. ಅಂದರೆ ಗಂಟೆಗೆ ಸರಾಸರಿ 12 ಕಿ.ಮೀ., ಸಾಮಾನ್ಯ ಸೈಕಲ್ ಸವಾರನ ವೇಗ. ಚಂಡಮಾರುತದ ಎರಡು ವೇಗಗಳನ್ನು ಬೇರೆಬೇರೆಯಾಗಿ ತಿಳಿಯದಿದ್ದರೆ ಗೊಂದಲವಾಗುತ್ತದೆ. ಅದರೊಳಗೆ ಗಾಳಿ ಸುತ್ತುವ ವೇಗ ಒಂದು, ಇಡೀ ವ್ಯವಸ್ಥೆ ಮುಂದೆ ಸಾಗುವ ವೇಗ ಇನ್ನೊಂದು. ಮುನ್ನಡೆ ನಿಧಾನವಾದಷ್ಟೂ ಕಡಲಿನ ಬಿಸಿ ಹೀರಲು ಸಮಯ ಹೆಚ್ಚು ಸಿಗುತ್ತದೆ. ಹುದ್‌ಹುದ್ 9ರಂದು ತೀವ್ರ ಚಂಡಮಾರುತವಾಯಿತು, 10ರ ಮಧ್ಯಾಹ್ನ ಅತಿ ತೀವ್ರ ಚಂಡಮಾರುತವಾಯಿತು, ದಡ ಸೇರುವ ಹೊತ್ತಿಗೆ ಕೇಂದ್ರದ ಒತ್ತಡ 950 ಹೆಕ್ಟೋಪಾಸ್ಕಲ್‌ಗೆ ಇಳಿದಿತ್ತು. ಸಮುದ್ರ ಮಟ್ಟದ ಸಾಮಾನ್ಯ ಒತ್ತಡ 1,013 ಹೆಕ್ಟೋಪಾಸ್ಕಲ್. ಆಗ ಜಾರಿಯಲ್ಲಿದ್ದ ಕ್ರಮದಲ್ಲಿ ಗಂಟೆಗೆ 118ರಿಂದ 221 ಕಿ.ಮೀ.ವರೆಗಿನ ಎಲ್ಲವೂ ‘ಅತಿ ತೀವ್ರ’ ಎಂಬ ಒಂದೇ ದರ್ಜೆಗೆ ಬರುತ್ತಿದ್ದವು. ಇಷ್ಟು ಅಗಲವಾದ ದರ್ಜೆಯಿಂದ ಜನಕ್ಕೆ ಅಪಾಯದ ಅಂದಾಜು ಸಿಗುವುದು ಕಷ್ಟವೇ. 2015ರಲ್ಲಿ ಹವಾಮಾನ ಇಲಾಖೆ ಅದರ ಮೇಲ್ಭಾಗವನ್ನು ಬೇರ್ಪಡಿಸಿ ‘ಅತ್ಯಂತ ತೀವ್ರ’ ಎಂಬ ಹೊಸ ದರ್ಜೆ ಮಾಡಿತು. ಇಂದಿನ ಕ್ರಮದಲ್ಲಿ ಹುದ್‌ಹುದ್ ಸೇರುವುದು ಅಲ್ಲಿಗೆ.

ದಾರಿ ಹೀಗೆಯೇ ಇರುತ್ತದೆಂದು ಇಲಾಖೆಗೆ ಮೊದಲೇ ಗೊತ್ತಿತ್ತು ಎಂಬುದು ಈ ಪ್ರಕರಣದ ದೊಡ್ಡ ಸಮಾಧಾನ. ವಾಯುಭಾರ ಕುಸಿತದ ಹಂತದಲ್ಲೇ, ಅಂದರೆ ಐದು ದಿನ ಮೊದಲೇ, ಉತ್ತರ ಆಂಧ್ರ–ಒಡಿಶಾ ಕರಾವಳಿಯತ್ತ ಅದು ಸಾಗುತ್ತದೆಂಬ ಸೂಚನೆ ಹೊರಟಿತು. ಉಪಗ್ರಹದ ಚಿತ್ರ, ಗಣಕ ಮಾದರಿಗಳ ಲೆಕ್ಕ, ದಡ ಸಮೀಪಿಸಿದಾಗ ಡಾಪ್ಲರ್ ರೇಡಾರ್ ಒಂದರ ಮೇಲೊಂದು ಸೇರಿ ಅಂದಾಜು ಬಿಗಿಯಾಗುತ್ತ ಬಂತು. ಹವಾಮಾನ ಇಲಾಖೆ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ಕೊಡುತ್ತದೆ. 72 ಗಂಟೆ ಮೊದಲು ಪೂರ್ವಸೂಚನೆ, 48 ಗಂಟೆ ಮೊದಲು ಜಾಗ್ರತೆ, 24 ಗಂಟೆ ಮೊದಲು ಎಚ್ಚರಿಕೆ, 12 ಗಂಟೆ ಮೊದಲು ನೆಲ ಹೊಕ್ಕ ಮೇಲಿನ ಮುನ್ನೋಟ. ಬಂದರುಗಳಲ್ಲಿ ಇದಕ್ಕೆ ಬೇರೆಯೇ ಭಾಷೆ ಇದೆ. ಸಂಕೇತಗಳು ಒಟ್ಟು 11. ಎಂಟನೆಯದು, ಒಂಬತ್ತನೆಯದು ಚಂಡಮಾರುತ ಬಂದರಿನ ಪಕ್ಕದಲ್ಲಿ ಹಾದುಹೋಗುತ್ತದೆಂದು ಹೇಳುತ್ತವೆ. ಹತ್ತನೆಯದರ ಅರ್ಥ, ಬಂದರಿನ ಮೇಲೆ ಅಥವಾ ತೀರಾ ಸಮೀಪದಲ್ಲಿ ಹಾಯುತ್ತದೆಂದು. ಹನ್ನೊಂದನೆಯದನ್ನು ಎಚ್ಚರಿಕೆ ಕೇಂದ್ರದ ಸಂಪರ್ಕವೇ ಕಡಿದುಹೋದಾಗ ಏರಿಸುತ್ತಾರೆ.

ಆಂಧ್ರದಲ್ಲೂ ಒಡಿಶಾದಲ್ಲೂ ಸೇರಿ ಲಕ್ಷಗಟ್ಟಲೆ ಜನರನ್ನು ತಗ್ಗಿನ ಊರುಗಳಿಂದ ಸರಿಸಲಾಯಿತು. ಮೀನುಗಾರರಿಗೆ ಕಡಲಿಗಿಳಿಯದಂತೆ ಹೇಳಲಾಯಿತು, ಚೆನ್ನೈ–ಹೌರಾ ಮುಖ್ಯ ಮಾರ್ಗದ ರೈಲುಗಳು ನಿಂತವು. ಸರಿಯಾಗಿ ಒಂದು ವರ್ಷದ ಹಿಂದೆ, 2013ರ ಅಕ್ಟೋಬರ್ 12ರಂದೇ, ಫೈಲಿನ್ ಚಂಡಮಾರುತ ಒಡಿಶಾದ ಗೋಪಾಲಪುರಕ್ಕೆ ಬಂದಿತ್ತು. ಅಂದು ಹತ್ತು ಲಕ್ಷ ಮೀರಿ ಜನರನ್ನು ಸ್ಥಳಾಂತರಿಸಿದ ಅನುಭವ ಆಡಳಿತಕ್ಕೆ ಹಸಿಯಾಗಿತ್ತು. ಆಂಧ್ರಪ್ರದೇಶದ ಮಟ್ಟಿಗೆ ಮಾತ್ರ ಪರಿಸ್ಥಿತಿ ಸುಲಭದ್ದಾಗಿರಲಿಲ್ಲ. ತೆಲಂಗಾಣ ಬೇರೆಯಾಗಿ ಆಗಿನ್ನೂ ನಾಲ್ಕು ತಿಂಗಳು; ರಾಜ್ಯಕ್ಕೆ ಸ್ವಂತ ರಾಜಧಾನಿ ಇರಲಿಲ್ಲ, ಇದ್ದ ಅತಿ ದೊಡ್ಡ ನಗರ ವಿಶಾಖಪಟ್ಟಣವೇ.

ಗಾಳಿ ಎರಡು ದಿಕ್ಕಿನಿಂದ

ವಿಶಾಖಪಟ್ಟಣ ಪೂರ್ವಘಟ್ಟದ ಬೆಟ್ಟಗಳು ಕಡಲಿಗೆ ತಾಗುವಷ್ಟು ಹತ್ತಿರ ಬರುವ ಜಾಗ. ಉತ್ತರಕ್ಕೆ ಕೈಲಾಸಗಿರಿ, ಅದರ ಹಿಂದೆ ಕಂಬಾಲಕೊಂಡ ಕಾಡು. ದಕ್ಷಿಣಕ್ಕೆ ಯಾರಾಡ ಬೆಟ್ಟಸಾಲು, ಅದರ ತುದಿ ಕಡಲೊಳಕ್ಕೆ ಚಾಚಿದ ಡಾಲ್ಫಿನ್ಸ್ ನೋಸ್. ಈ ಮೂಗಿನ ಮರೆಯಲ್ಲೇ ಒಳಬಂದರು ಇರುವುದು. ಊರು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಕಡಲಂಚಿನುದ್ದಕ್ಕೂ ಹಬ್ಬಿದೆ. ಸಾಮಾನ್ಯ ಬಿರುಗಾಳಿಗೆ ಈ ಬೆಟ್ಟಗಳು ಆಸರೆ. ಹುದ್‌ಹುದ್‌ನಂಥದಕ್ಕೆ ಅವು ಕೆಲವೆಡೆ ಮರೆಯಾದರೆ ಕೆಲವೆಡೆ ಗಾಳಿಯನ್ನು ಸಂದಿಗಳಲ್ಲಿ ಹಿಂಡಿ ಮತ್ತಷ್ಟು ವೇಗ ಕೊಡುತ್ತವೆ. 1985ರ ನಂತರ ಅಕ್ಟೋಬರ್ ತಿಂಗಳಲ್ಲಿ ಈ ನಗರದ ಕರಾವಳಿಯನ್ನು ದಾಟಿದ ಮೊದಲ ಚಂಡಮಾರುತ ಇದು.

ವಾಯವ್ಯಕ್ಕೆ ಸಾಗುವ ಚಂಡಮಾರುತದ ಕೇಂದ್ರವೇ ಒಂದು ಊರಿನ ಮೇಲೆ ಹಾದರೆ ಅಲ್ಲಿ ಗಾಳಿ ಮೊದಲು ಈಶಾನ್ಯದಿಂದ ಬೀಸುತ್ತದೆ. ಕೇಂದ್ರ ಹತ್ತಿರವಾದಂತೆ ಅದು ಏರುತ್ತ ಹೋಗಿ, ಕಣ್ಣಿನ ಸುತ್ತಲ ಮೋಡದ ಗೋಡೆ ತಲೆಯ ಮೇಲೆ ಬಂದಾಗ ಪರಮಾವಧಿ ಮುಟ್ಟುತ್ತದೆ. ಗೋಡೆ ದಾಟಿ ಕಣ್ಣು ಬಂದಾಗ ಗಾಳಿ ಇಳಿಯುತ್ತದೆ, ಮಳೆ ಬಿಡುತ್ತದೆ. ಎಲ್ಲ ಮುಗಿಯಿತೆಂದು ಜನ ಹೊರಬರುವ ಅಪಾಯದ ಹೊತ್ತು ಇದು. ಏಕೆಂದರೆ ಇನ್ನೊಂದು ಬದಿಯ ಗೋಡೆ ಬರುವುದು ಬಾಕಿಯಿರುತ್ತದೆ, ಅದು ತರುವ ಗಾಳಿ ನೈಋತ್ಯದಿಂದ, ಅಂದರೆ ಮೊದಲಿನದಕ್ಕೆ ತದ್ವಿರುದ್ಧ ದಿಕ್ಕಿನಿಂದ. ಬೆಳಗಿನ ಗಾಳಿಗೆ ಒಂದು ಕಡೆಗೆ ಬಾಗಿ ಬೇರು ಸಡಿಲವಾದ ಮರ ಮಧ್ಯಾಹ್ನದ ಗಾಳಿಗೆ ಇನ್ನೊಂದು ಕಡೆಗೆ ಬೀಳುತ್ತದೆ. ಒಂದು ಮೊಳೆ ಕಿತ್ತ ತಗಡು ಎರಡನೆಯ ಸಲಕ್ಕೆ ಹಾರಿಯೇ ಹೋಗುತ್ತದೆ. ನೇರ ದಾರಿಯಲ್ಲಿ ಸಿಕ್ಕ ನಗರಕ್ಕೂ ಪಕ್ಕದಲ್ಲಿ ಉಳಿದ ನಗರಕ್ಕೂ ಇರುವ ವ್ಯತ್ಯಾಸ ಇದೇ: ಮೊದಲನೆಯದು ಎರಡು ಪೆಟ್ಟು ತಿನ್ನುತ್ತದೆ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. ಎದುರಿಗೆ ಸಿಕ್ಕ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಆ ಗಾಳಿ ಹೇರುವ ಒತ್ತಡ ಸುಮಾರು 150 ಕಿಲೋ ತೂಕಕ್ಕೆ ಸಮ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಲೆಕ್ಕ ಹಾಕಲು ಭಾರತೀಯ ಮಾನಕ ಸಂಸ್ಥೆ ರೂಪಿಸಿರುವ ಐಎಸ್ 875 ಸಂಹಿತೆಯ ಮೂರನೆಯ ಭಾಗ ವಿಶಾಖಪಟ್ಟಣಕ್ಕೆ ಗೊತ್ತುಮಾಡಿದ ಮೂಲ ವೇಗವೂ ಸೆಕೆಂಡಿಗೆ 50 ಮೀಟರ್. ಅಂದರೆ ಇಂಥ ಗಾಳಿ ಇಲ್ಲಿ ಬರಬಹುದೆಂದು ಪುಸ್ತಕದಲ್ಲಿ ಎಂದೋ ಬರೆದಾಗಿತ್ತು. ಎಂಜಿನಿಯರು ಲೆಕ್ಕ ಹಾಕಿ ಕಟ್ಟಿದ ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಗಳು ಬಿದ್ದುಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಹೋದದ್ದು ಕಿಟಕಿಯ ಗಾಜು, ಅಲಂಕಾರದ ಗಾಜಿನ ಹೊದಿಕೆ, ತಾರಸಿಯ ಮೇಲಿನ ತಗಡಿನ ಶೆಡ್ಡು, ನೀರಿನ ಟ್ಯಾಂಕು, ಜಾಹೀರಾತು ಫಲಕ, ಆವರಣದ ಗೋಡೆ. ಲೆಕ್ಕವಿಲ್ಲದೆ ಜೋಡಿಸಿದ್ದೇ ಮೊದಲು ಹಾರಿತು, ಹಾರಿದ್ದು ಇನ್ನೊಬ್ಬರ ಮೇಲೆ ಬಿತ್ತು.

ಕಡಲು ಈ ಸಲ ಕರುಣೆ ತೋರಿತು. ಅದಕ್ಕೂ ಕಾರಣವುಂಟು. ಚಂಡಮಾರುತ ದಡಕ್ಕೆ ತಳ್ಳುವ ನೀರಿನ ಉಬ್ಬರ ಎಷ್ಟು ಎತ್ತರಕ್ಕೆ ಏರುತ್ತದೆಂಬುದು ಕಡಲತಳದ ಇಳಿಜಾರನ್ನೂ ಅವಲಂಬಿಸಿದೆ. ಒಡಿಶಾ, ಬಂಗಾಳದ ಕಡೆ ತಳ ಆಳವಿಲ್ಲದೆ ಬಹುದೂರ ಹರಡಿರುವುದರಿಂದ ನೀರು ಹಿಂತಿರುಗಲು ದಾರಿಯಿಲ್ಲದೆ ಮೇಲೇರುತ್ತದೆ. ವಿಶಾಖಪಟ್ಟಣದ ಎದುರು ಭೂಖಂಡದ ಅಂಚು ಕಿರಿದು, ಬೇಗನೆ ಆಳಕ್ಕೆ ಇಳಿಯುತ್ತದೆ. ನೀರು ಕೆಳಗಿನಿಂದಲೇ ಹಿಂದಕ್ಕೆ ಸರಿಯುತ್ತದೆ. ಇಲ್ಲಿನ ಉಬ್ಬರ ಮಾಪಕದಲ್ಲಿ ದಾಖಲಾದ ಹೆಚ್ಚುವರಿ ಏರಿಕೆ 1.4 ಮೀಟರ್. ದಿವಿಸೀಮೆಯಲ್ಲಿ ಅದು ಐದು ಮೀಟರಿನಷ್ಟಿತ್ತು. ಗಾಳಿ ಕಡಲಿನಿಂದ ನೇರ ಒಳನುಗ್ಗುವುದು ಚಂಡಮಾರುತದ ಬಲಬದಿಗೆ, ಅಂದರೆ ಇಲ್ಲಿ ಭೀಮಿಲಿ, ವಿಜಯನಗರಂ, ಶ್ರೀಕಾಕುಳಂ ಕಡೆಗೆ. ನಗರದ ಬೀಚ್ ರಸ್ತೆ ಕೆಲವೆಡೆ ಕೊಚ್ಚಿಹೋಯಿತು, ಮೀನುಗಾರಿಕೆ ಬಂದರಿನಲ್ಲಿ ಲಂಗರು ಹಾಕಿದ್ದ ಬೋಟುಗಳು ಒಂದಕ್ಕೊಂದು ಬಡಿದು ಒಡೆದವು, ಮುಳುಗಿದವು. ಮಳೆಯ ಅತಿ ಹೆಚ್ಚಿನ ಲೆಕ್ಕ ಬಂದದ್ದೂ ನಗರದಿಂದಲ್ಲ: ವಿಜಯನಗರಂ ಜಿಲ್ಲೆಯ ಗಂಟ್ಯಾಡದಲ್ಲಿ 13ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ 38 ಸೆಂಟಿಮೀಟರ್.

ಆಂಧ್ರದಲ್ಲಿ ಸತ್ತವರ ಸಂಖ್ಯೆ ಬೇರೆಬೇರೆ ಲೆಕ್ಕಗಳಲ್ಲಿ 46ರಿಂದ 61ರವರೆಗೆ ಇದೆ. ಬಹುತೇಕ ಸಾವುಗಳಿಗೆ ಮರ ಬಿದ್ದದ್ದು, ಗೋಡೆ ಕುಸಿದದ್ದು ಕಾರಣ. ಒಂದೊಂದು ಸಾವೂ ಒಂದು ಮನೆಯ ದುಃಖವೇ; ಆದರೂ 1977ನ್ನು ಕಂಡ ರಾಜ್ಯದಲ್ಲಿ ಈ ಇಳಿಕೆ ಹವಾಮಾನ ಇಲಾಖೆಗೂ ಹಳ್ಳಿಹಳ್ಳಿಗೆ ಹೋಗಿ ಜನರನ್ನು ಎಬ್ಬಿಸಿದ ಕೆಳಹಂತದ ನೌಕರರಿಗೂ ಸಲ್ಲಬೇಕಾದ ಗೌರವ.

ಒಂದು ಕಂಬ ಬಿದ್ದರೆ

ನಗರ ನಿಂತುಹೋದದ್ದು ಹೇಗೆಂದು ತಿಳಿಯಲು ಒಂದು ವಿದ್ಯುತ್ ಕಂಬವನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯ ಬೀದಿಯ ಸಿಮೆಂಟಿನ ಕಂಬ ತನ್ನ ಮೈಮೇಲೆ ಬೀಳುವ ಗಾಳಿಯೊಂದಕ್ಕೇ ಆಗಿದ್ದರೆ ನಿಂತೀತು. ಅದರ ತಲೆಯ ಮೇಲೆ ಎರಡೂ ಕಡೆಯಿಂದ ಎಳೆದು ಕಟ್ಟಿದ ತಂತಿಗಳಿವೆ, ಕೇಬಲ್ ಟಿವಿಯವರದ್ದು, ಇಂಟರ್ನೆಟ್‌ನವರದ್ದು ಎಂದು ಆಮೇಲೆ ಸೇರಿಸಿದ ಹೊರೆಯಿದೆ, ಪಕ್ಕದಲ್ಲಿ ಮರವಿದೆ. ಮರದ ಕೊಂಬೆ ತಂತಿಯ ಮೇಲೆ ಬಿದ್ದ ಕೂಡಲೇ ಬುಡದ ಬಳಿ ಕಂಬ ಮುರಿಯುತ್ತದೆ. ಬಟ್ಟೆ ಒಣಗಿಸುವ ಹಗ್ಗದ ಒಂದು ಗೂಟ ಕಿತ್ತರೆ ಪಕ್ಕದ ಗೂಟವೂ ವಾಲುವಂತೆ, ಮುರಿದ ಕಂಬ ಆಚೀಚೆಯ ಕಂಬಗಳನ್ನೂ ಎಳೆದು ಕೆಡವುತ್ತದೆ. ಹೀಗೆ ಬೀದಿಗೆ ಬೀದಿಯೇ ಮಲಗಿತು. ಊರಿಗೆ ವಿದ್ಯುತ್ ತರುವ ದೊಡ್ಡ ಪ್ರಸರಣ ಗೋಪುರಗಳೂ ಬಾಗಿದ್ದವು.

ವಿದ್ಯುತ್ ಹೋದ ಮೇಲೆ ಉಳಿದದ್ದೆಲ್ಲ ಒಂದರ ಹಿಂದೊಂದು ನಿಂತವು. ಜಲಾಶಯಗಳಿಂದ ಊರಿಗೆ ನೀರೆತ್ತುವುದು ಪಂಪು, ನೀರು ನಿಂತಿತು. ಮೊಬೈಲ್ ಗೋಪುರಗಳು ಬ್ಯಾಟರಿ, ಜನರೇಟರ್ ಇರುವಷ್ಟು ಹೊತ್ತು ಉಸಿರಾಡಿ ಸತ್ತವು. ಡೀಸೆಲ್ ಒಯ್ಯೋಣವೆಂದರೆ ರಸ್ತೆ ತುಂಬ ಮರ. ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕಿನಿಂದ ಇಂಧನ ಮೇಲೆತ್ತುವುದಕ್ಕೂ ವಿದ್ಯುತ್ ಬೇಕು. ಎಟಿಎಂ ನಿಂತದ್ದರಿಂದ ಜನರ ಕೈಯಲ್ಲಿ ನಗದು ಇಲ್ಲ, ನಗದು ಇಲ್ಲದೆ ಹಾಲಿಲ್ಲ. ಹಾಲು, ಕುಡಿಯುವ ನೀರು, ಮೇಣದಬತ್ತಿಗಳ ಬೆಲೆ ಏರಿತು. ತೈಲ ಸಂಸ್ಕರಣಾಗಾರ ಇರುವ ಊರಿನಲ್ಲೇ ಪೆಟ್ರೋಲಿಗಾಗಿ ಉದ್ದುದ್ದ ಸಾಲು. ಕತ್ತಲೆ ಅನೇಕ ಬಡಾವಣೆಗಳಲ್ಲಿ ವಾರದವರೆಗೂ ಮುಂದುವರಿಯಿತು. ಉಕ್ಕಿನ ಕಾರ್ಖಾನೆಯ ಪಾಡು ಇನ್ನೂ ಸೂಕ್ಷ್ಮ. ಕೋಕ್ ಒಲೆ, ಊದುಕುಲುಮೆಗಳು ಗುಂಡಿ ಒತ್ತಿ ಆರಿಸಿ ಮತ್ತೆ ಹೊತ್ತಿಸುವಂಥವಲ್ಲ. ತಣಿದರೆ ಒಳಗೋಡೆ ಬಿರುಕು ಬಿಡುತ್ತದೆ, ಕರಗಿದ ಲೋಹ ಗಟ್ಟಿಯಾಗಿ ಕೂರುತ್ತದೆ. ವಿದ್ಯುತ್ ಪೂರ್ತಿ ಕಡಿದು ಉತ್ಪಾದನೆ ನಿಂತ ಆ ದಿನಗಳಲ್ಲಿ ಅಲ್ಲಿನ ಕಾರ್ಮಿಕರು ಮಾಡಿದ್ದು ಕುಲುಮೆಗಳನ್ನು ಉಳಿಸಿಕೊಳ್ಳುವ ಕೆಲಸ.

ವಿಮಾನ ನಿಲ್ದಾಣದ ಟರ್ಮಿನಲ್ಲಿನ ಚಾವಣಿ ಕಿತ್ತು, ಒಳಗೆ ನೀರು ನುಗ್ಗಿತು. ವಿಮಾನ ಹಾರಾಟ ಮತ್ತೆ ಶುರುವಾದದ್ದು 17ರಂದು. ಅಕ್ಟೋಬರ್ 14ಕ್ಕೆ ಇಲ್ಲಿ ನಡೆಯಬೇಕಿದ್ದ ಭಾರತ–ವೆಸ್ಟ್ ಇಂಡೀಸ್ ಏಕದಿನ ಕ್ರಿಕೆಟ್ ಪಂದ್ಯ ರದ್ದಾಯಿತು. ಅದೇ ದಿನ ಪ್ರಧಾನಿ ನರೇಂದ್ರ ಮೋದಿ ಬಂದು 1,000 ಕೋಟಿ ರೂಪಾಯಿಗಳ ಮಧ್ಯಂತರ ನೆರವು ಪ್ರಕಟಿಸಿದರು. ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ನಗರದಲ್ಲೇ ಬೀಡುಬಿಟ್ಟು ಆಡಳಿತ ನಡೆಸಿದರು. ರಾಜ್ಯ ಸರ್ಕಾರ ಕೇಂದ್ರದ ಮುಂದಿಟ್ಟ ಒಟ್ಟು ಹಾನಿಯ ಅಂದಾಜು 21,908 ಕೋಟಿ ರೂಪಾಯಿ. ಚಂಡಮಾರುತ ಬಡ ಹಳ್ಳಿಗೆ ಬಂದರೆ ಜೀವ ಹೆಚ್ಚು ಹೋಗುತ್ತಿತ್ತು, ಹಣದ ಲೆಕ್ಕ ಚಿಕ್ಕದಿರುತ್ತಿತ್ತು. ನಗರಕ್ಕೆ ಬಂದಾಗ ಈ ತಕ್ಕಡಿ ತಲೆಕೆಳಗಾಯಿತು.

ಹಣದ ಲೆಕ್ಕಕ್ಕೆ ಸರಿಯಾಗಿ ಸಿಕ್ಕದ ನಷ್ಟವೆಂದರೆ ಮರಗಳದ್ದು. ರಸ್ತೆಬದಿಯ ಗುಲ್‌ಮೊಹರ್, ಮಳೆಮರಗಳಂಥವು ಬೇಗ ಬೆಳೆದು ಅಗಲ ನೆರಳು ಕೊಡುತ್ತವೆ, ಅದಕ್ಕಾಗಿಯೇ ನಗರಸಭೆಗಳಿಗೆ ಪ್ರಿಯ. ಆದರೆ ಡಾಂಬರು, ಚರಂಡಿ, ಕಾಂಕ್ರೀಟ್ ಹಾಸುಗಳ ನಡುವೆ ಅವುಗಳ ಬೇರು ಆಳಕ್ಕೂ ಇಳಿಯದೆ ಅಗಲಕ್ಕೂ ಹೋಗದೆ ಸಣ್ಣ ಗುಣಿಯಲ್ಲಿ ಸುತ್ತಿಕೊಂಡಿರುತ್ತದೆ. ಮೇಲೆ ತುಂಬು ಕೊಡೆ, ಕೆಳಗೆ ಹಿಡಿಮಣ್ಣು. ಮಳೆಗೆ ಮಣ್ಣು ಮೆತ್ತಗಾದ ಮೇಲೆ ಅಂಥ ಮರ ಬುಡಸಮೇತ ಕಿತ್ತುಬರುವುದು ಸಹಜ. ಆಂಧ್ರ ವಿಶ್ವವಿದ್ಯಾಲಯದ ಆವರಣ, ಇಂದಿರಾ ಗಾಂಧಿ ಮೃಗಾಲಯ, ಕಂಬಾಲಕೊಂಡ ಎಲ್ಲೆಡೆ ಸಾವಿರಾರು ಮರ ನೆಲಕಂಡವು. ನಿಂತ ಮರಗಳ ಎಲೆಯೂ ಉಳಿಯಲಿಲ್ಲ. ಗಾಳಿ ಹೊತ್ತು ತಂದ ಉಪ್ಪುನೀರಿನ ತುಂತುರಿಗೆ ಬೆಟ್ಟಗಳೆಲ್ಲ ಬೆಂಕಿ ಬಿದ್ದಂತೆ ಕಂದಿದವು. ಹನ್ನೊಂದು ದಿನಕ್ಕೆ ದೀಪಾವಳಿ ಬಂತು. ಊರ ತುಂಬ ಒಣಗಿದ ಕೊಂಬೆ, ಎಲೆಗಳ ರಾಶಿ ಇದ್ದದ್ದರಿಂದ ಆ ವರ್ಷ ಪಟಾಕಿ ಹಚ್ಚದಂತೆ ಸರ್ಕಾರವೇ ಕೇಳಿಕೊಳ್ಳಬೇಕಾಯಿತು.

ನಗರದಾಚೆ, ಅರಕು, ಪಾಡೇರು ಬೆಟ್ಟಗಳ ನಷ್ಟ ಪತ್ರಿಕೆಗಳಲ್ಲಿ ಕಡಿಮೆ ಕಂಡಿತು. ಅಲ್ಲಿನ ಆದಿವಾಸಿ ಕುಟುಂಬಗಳು ಬೆಳೆಯುವ ಕಾಫಿಗೆ ಸಿಲ್ವರ್ ಓಕ್ ನೆರಳು, ಆ ಮರಕ್ಕೇ ಹಬ್ಬಿಸಿದ ಮೆಣಸಿನ ಬಳ್ಳಿ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೆರಳಿನ ಮರ ಮುರಿದು ಗಿಡದ ಮೇಲೆ ಬಿದ್ದರೆ ಹೋಗುವುದು ಆ ವರ್ಷದ ಹಣ್ಣಷ್ಟೇ ಅಲ್ಲ. ರೆಕ್ಕೆ ಮುರಿದ ಗಿಡ ಚೇತರಿಸಿಕೊಳ್ಳಲೂ ಹೊಸ ನೆರಳು ಎದ್ದು ಬರಲೂ ವರ್ಷಗಳೇ ಬೇಕು.

ನೆಲದ ಮೇಲಿನ ದಾರಿ

ನೆಲ ಹೊಕ್ಕ ಚಂಡಮಾರುತಕ್ಕೆ ಕಡಲಿನ ಆವಿ ತಪ್ಪುತ್ತದೆ, ಬಲ ಕುಂದುತ್ತದೆ. ಹುದ್‌ಹುದ್ 13ರ ಬೆಳಗಿನ ಜಾವಕ್ಕೆ ತೀವ್ರ ವಾಯುಭಾರ ಕುಸಿತವಾಗಿ, ಸಂಜೆಗೆ ಬರೀ ವಾಯುಭಾರ ಕುಸಿತವಾಗಿ, ಛತ್ತೀಸಗಢ ದಾಟಿ ಪೂರ್ವ ಉತ್ತರಪ್ರದೇಶದತ್ತ ಸರಿಯಿತು. ಚಂಡಮಾರುತದ ಸುದ್ದಿ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಗಾಳಿ ಸತ್ತರೂ ಅದು ಹೊತ್ತು ತಂದ ತೇವ ಆಕಾಶದಲ್ಲೇ ಇತ್ತು. ಉತ್ತರಕ್ಕೆ ಸಾಗಿದ ಆ ತೇವ, ಪಶ್ಚಿಮದಿಂದ ಬರುತ್ತಿದ್ದ ತಂಪು ಗಾಳಿಯ ಅಲೆಯೊಂದನ್ನು ಹಿಮಾಲಯದ ಬಳಿ ಸಂಧಿಸಿತು.

ನೇಪಾಳದ ಅನ್ನಪೂರ್ಣಾ ಚಾರಣದ ಅತಿ ಎತ್ತರದ ಜಾಗ ಥೊರೋಂಗ್ ಲಾ, 5,416 ಮೀಟರ್ ಎತ್ತರದ ಕಣಿವೆದಾರಿ. ವಿಶಾಖಪಟ್ಟಣದಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 1,200 ಕಿ.ಮೀ. ದೂರದಲ್ಲಿದೆ. ಅಂದರೆ ಅಂಡಮಾನಿನಿಂದ ನಗರಕ್ಕೆ ಎಷ್ಟೋ ನಗರದಿಂದ ಅಲ್ಲಿಗೂ ಅಷ್ಟೇ. ಅಕ್ಟೋಬರ್ ಅಲ್ಲಿ ಚಾರಣದ ತುಂಬು ಕಾಲ. ಆಕಾಶ ತಿಳಿಯಾಗಿರುತ್ತದೆಂದೇ ಜನ ಬರುವುದು. 14ರಂದು ಚಾರಣಿಗರು ಎಂದಿನಂತೆ ನಸುಕಿಗೆ ಮುಂಚೆ ಶಿಬಿರ ಬಿಟ್ಟು ಹೊರಟಿದ್ದರು. ಹಿಮ ಬೀಳುವುದು ನಿಲ್ಲಲಿಲ್ಲ, ದಾರಿ ಮುಚ್ಚಿತು, ಎದುರಿನ ಮನುಷ್ಯ ಕಾಣದಂತಾಯಿತು. ಕಣಿವೆಯ ತುದಿಯಲ್ಲಿರುವ ಚಿಕ್ಕ ಚಹಾ ಅಂಗಡಿಯೊಳಗೆ ಹಲವರು ಒತ್ತೊತ್ತಾಗಿ ನಿಂತರು. ಇಳಿದುಬಿಡೋಣವೆಂದು ಹೊರಬಿದ್ದವರಲ್ಲಿ ಅನೇಕರು ಮುಕ್ತಿನಾಥದ ಕಡೆಯ ಇಳಿಜಾರಿನಲ್ಲಿ ದಾರಿ ತಪ್ಪಿ ಹಿಮದಲ್ಲಿ ಹೂತುಹೋದರು. ಹಿಮಗಾಳಿ, ಹಿಮಕುಸಿತಗಳಿಗೆ ಆ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ನೇಪಾಳದ ಹೊರೆಯಾಳುಗಳು, ಮಾರ್ಗದರ್ಶಿಗಳು, ಹಳ್ಳಿಗರು, ಭಾರತ, ಇಸ್ರೇಲ್, ಕೆನಡಾ ಮೊದಲಾದ ದೇಶಗಳ ಚಾರಣಿಗರು ಅವರಲ್ಲಿದ್ದರು. ವಿಶಾಖಪಟ್ಟಣದ ಮೀನುಗಾರನಿಗೆ ಐದು ದಿನ ಮೊದಲು ತಲುಪಿದ ಎಚ್ಚರಿಕೆ ಅದೇ ಚಂಡಮಾರುತದ ದಾರಿಯಲ್ಲಿದ್ದ ಬೆಟ್ಟ ಹತ್ತುವವನಿಗೆ ತಲುಪಿರಲಿಲ್ಲ. ಹುದ್‌ಹುದ್ ವಿಷಯದಲ್ಲಿ ಮುನ್ಸೂಚನೆಯ ಯಶಸ್ಸನ್ನು ಹೊಗಳುವಾಗಲೆಲ್ಲ ಈ ಸಾವುಗಳನ್ನೂ ಜೊತೆಗಿಟ್ಟು ನೋಡುವುದು ನ್ಯಾಯ.

ಮತ್ತೆ ಕಟ್ಟಿದ್ದು

2015ರಲ್ಲಿ ವಿಶ್ವಬ್ಯಾಂಕ್ ಆಂಧ್ರಪ್ರದೇಶ ವಿಪತ್ತು ಪುನಶ್ಚೇತನ ಯೋಜನೆಗೆ 25 ಕೋಟಿ ಡಾಲರ್ ಸಾಲ ಒಪ್ಪಿತು. ರಸ್ತೆ, ಕಡಲಂಚಿನ ರಕ್ಷಣೆ, ಆಶ್ರಯ ಕಟ್ಟಡಗಳ ಜೊತೆಗೆ ಅದರಲ್ಲಿ ಸೇರಿದ್ದ ಮುಖ್ಯ ಕೆಲಸ ವಿಶಾಖಪಟ್ಟಣದ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವುದು. ನೆಲದಡಿಯ ಕೇಬಲ್‌ಗೆ ಖರ್ಚು ಹಲವು ಪಟ್ಟು, ದೋಷ ಹುಡುಕುವುದು ಕಷ್ಟ, ರಸ್ತೆ ಅಗೆಯುವವರಿಂದ ಬೇರೆ ಕಾಟ. ಆದರೂ ಕಡಲಂಚಿನ ನಗರಕ್ಕೆ ಅದು ದುಬಾರಿಯಲ್ಲ. ಕಂಬ ಬಿದ್ದ ವಾರದಲ್ಲಿ ನಿಂತ ವ್ಯಾಪಾರ, ಕಾರ್ಖಾನೆ, ಆಸ್ಪತ್ರೆಗಳ ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ. ಮರ ನೆಡುವ ಕೆಲಸವೂ ದೊಡ್ಡದಾಗಿಯೇ ನಡೆಯಿತು. ಅಲ್ಲಿ ಗಿಡಗಳ ಸಂಖ್ಯೆಗಿಂತ ಜಾತಿಯ ಆಯ್ಕೆ ಮುಖ್ಯ: ಗಾಳಿಗೆ ಬಾಗುವ ತಾಳೆ, ಬೇರು ಆಳಕ್ಕಿಳಿಯುವ ಬೇವು, ಹೊಂಗೆಯಂಥ ನೆಲದ ಮರಗಳಿಗೆ ಅಗಲವಾದ ಗುಣಿ ಕೊಟ್ಟು ಬೆಳೆಸಿದರೆ ಮುಂದಿನ ಗಾಳಿಗೆ ಉಳಿಯುವ ಸಾಧ್ಯತೆ ಹೆಚ್ಚು. ಮುಂದಿನ ಗಾಳಿ ಬರುವುದು ತಡವೂ ಆಗಲಿಲ್ಲ. 2018ರ ಅಕ್ಟೋಬರ್ 11ರಂದು ತಿತ್ಲಿ ಚಂಡಮಾರುತ ಪಕ್ಕದ ಶ್ರೀಕಾಕುಳಂ ಜಿಲ್ಲೆಯ ಪಲಾಸ ಬಳಿ ನೆಲ ಮುಟ್ಟಿ ಉದ್ದಾನಂ ಪ್ರದೇಶದ ತೆಂಗು, ಗೇರು ತೋಟಗಳನ್ನು ಮಲಗಿಸಿತು.

ಇದು ಪೂರ್ವ ಕರಾವಳಿಯ ಮಾತು ಮಾತ್ರ ಎಂದು ಕನ್ನಡ ಕರಾವಳಿ ಇನ್ನು ಸುಮ್ಮನಿರುವಂತಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1982–2000ರ ಅವಧಿಗೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ. ಅದೇ ವರ್ಷದ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ಎದುರು ಕಡಲಲ್ಲೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಅದರ ಕೇಂದ್ರ ನಮ್ಮ ನೆಲವನ್ನು ಮುಟ್ಟಲೇ ಇಲ್ಲ, ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳಲ್ಲಿ ಮನೆ, ರಸ್ತೆ, ದೋಣಿಗಳು ಹೋದವು. ವಿಶಾಖಪಟ್ಟಣಕ್ಕೆ ಸೆಕೆಂಡಿಗೆ 50 ಮೀಟರ್ ಗಾಳಿ ಗೊತ್ತುಮಾಡಿರುವ ಅದೇ ಐಎಸ್ 875 ಸಂಹಿತೆಯಲ್ಲಿ ಮಂಗಳೂರಿಗೆ ಇರುವ ಅಂಕಿ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ಮಂಗಳೂರಿನಿಂದ ಕಾರವಾರದವರೆಗೆ ಕಂಬ ನೆಡುವವರು, ಚಾವಣಿ ಹೊದಿಸುವವರು, ಜಾಹೀರಾತು ಫಲಕಕ್ಕೆ ಅನುಮತಿ ಕೊಡುವವರು ಕನಿಷ್ಠ ಆ ಅಂಕಿಯನ್ನಾದರೂ ತಪ್ಪದೆ ಪಾಲಿಸಬೇಕು; ಅರಬ್ಬಿ ಸಮುದ್ರ ಈಗ ಬದಲಾಗುತ್ತಿರುವ ರೀತಿ ನೋಡಿದರೆ ಆ ಅಂಕಿಯನ್ನೇ ಮತ್ತೊಮ್ಮೆ ಪರಿಶೀಲಿಸುವ ಕೆಲಸ ಇನ್ನು ಮುಂದೂಡುವಂಥದ್ದಲ್ಲ.